ವಂದನೆಗಳ ಪಟ್ಟಿಯಲ್ಲಿ ಸಿಗುವ ಹೆಂಗಸರು

ಪ್ರಶ್ನೆ: ನಮ್ಮ ಸಭೆಯಲ್ಲಿ ಪ್ರತಿ ಈಸ್ಟರ್ ಮುಂಜಾನೆ ಆರಾಧನೆಯಲ್ಲಿ "ಯೇಸು ಎದ್ದದ್ದನ್ನು ಮೊದಲು ಕಂಡವರು ಹೆಂಗಸರು" ಎಂಬ ಪ್ರಸಂಗ ಕೇಳುತ್ತೇವೆ. ಉಳಿದ ಭಾನುವಾರಗಳಲ್ಲಿ ಹೆಂಗಸರಿಗೆ ಹಾಡುವುದು, ಹೂವಿನ ಅಲಂಕಾರ, ಅನ್ಯೋನ್ಯ ಕೂಟ, ಇಷ್ಟೇ. ಕೇಳಿದರೆ ಹಿರಿಯರು "ಸ್ತ್ರೀಯರು ಸಭೆಯಲ್ಲಿ ಮೌನವಾಗಿರಲಿ ಎಂದು ಪೌಲನೇ ಬರೆದಿದ್ದಾನೆ" ಎನ್ನುತ್ತಾರೆ. ಮೊದಲ ಶತಮಾನಗಳಲ್ಲಿ ಹೆಂಗಸರು ಸಭೆ ನಡೆಸಿದ್ದಕ್ಕೆ ಆಧಾರ ಇದೆಯೇ? ಇದ್ದರೆ ಅದು ಯಾವಾಗ, ಯಾಕೆ ನಿಂತಿತು? ಇನ್ನೊಂದು: ಮಗ್ದಲದ ಮರಿಯಳು ಮೊದಲು ವೇಶ್ಯೆಯಾಗಿದ್ದಳು ಎನ್ನುತ್ತಾರಲ್ಲ, ಅದು ಬೈಬಲ್‌ನಲ್ಲಿ ಎಲ್ಲಿದೆ?

ಉತ್ತರ: ಆಧಾರ ಇದೆ, ಸಾಕಷ್ಟು ಇದೆ. ಆದರೆ ಅದು ನಿಮ್ಮ ಹಿರಿಯರು ಬೆರಳಿಟ್ಟು ತೋರಿಸುವ ಜಾಗದಲ್ಲಿ ಸಿಗುವುದಿಲ್ಲ. ಹೆಂಗಸರು ಏನು ಮಾಡಬಾರದು ಎಂದು ನಿಯಮ ಬರೆದವರ ಸಾಲುಗಳನ್ನಷ್ಟೇ ಓದುತ್ತ ಹೋದರೆ ಮೊದಲ ಕ್ರೈಸ್ತ ಸಭೆಗಳಲ್ಲಿ ಗಂಡಸರೇ ತುಂಬಿದ್ದರು ಎನಿಸುತ್ತದೆ. ಪತ್ರದ ಕೊನೆಯಲ್ಲಿ ಬರುವ ವಂದನೆಗಳು, ಸಮಾಧಿಯ ಕಲ್ಲು, ಪ್ರಾರ್ಥನಾ ಮಂದಿರದ ನೆಲಗಟ್ಟು, ಒಬ್ಬ ರೋಮನ್ ಅಧಿಕಾರಿ ಚಕ್ರವರ್ತಿಗೆ ಕಳಿಸಿದ ವರದಿ, ಇಂಥವನ್ನು ಓದತೊಡಗಿದಾಗ ಚಿತ್ರ ಬದಲಾಗುತ್ತದೆ. ಇವನ್ನು ಬರೆದವರು ಹೆಂಗಸರ ಪರವಾಗಿ ವಾದ ಮಾಡಲು ಕುಳಿತವರಲ್ಲ, ತಮ್ಮ ಬೇರೆ ಕೆಲಸದ ನಡುವೆ ಅವರನ್ನು ಹೆಸರಿಸಿ ಮುಂದೆ ಹೋದವರು. ಅದಕ್ಕೇ ನನಗೆ ಇವುಗಳ ಮೇಲೆ ಹೆಚ್ಚು ನಂಬಿಕೆ.

ಈಸ್ಟರ್ ಬೆಳಗಿನಿಂದಲೇ ಶುರು ಮಾಡೋಣ. ನಾಲ್ಕು ಸುವಾರ್ತೆಗಳ ವಿವರಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಮಾರ್ಕನಲ್ಲಿ ಸಮಾಧಿಗೆ ಹೋದವರು ಮೂವರು: ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ. ಮತ್ತಾಯನಲ್ಲಿ ಇಬ್ಬರು. ಲೂಕನಲ್ಲಿ ಸಲೋಮೆಯ ಹೆಸರಿಲ್ಲ, ಯೋಹಾನಳು ಇದ್ದಾಳೆ, ಜೊತೆಗೆ ಇನ್ನೂ ಕೆಲವರು. ಯೋಹಾನನ ಸುವಾರ್ತೆಯಲ್ಲಿ ಮಗ್ದಲದ ಮರಿಯಳ ಹೆಸರು ಮಾತ್ರ. ಇಷ್ಟು ವ್ಯತ್ಯಾಸವಿದ್ದರೂ ಮೊದಲು ಹೋದವರು ಹೆಂಗಸರು, ಅವರಲ್ಲಿ ಮಗ್ದಲದ ಮರಿಯಳು ಇದ್ದಳು ಎಂಬುದರಲ್ಲಿ ನಾಲ್ವರಿಗೂ ಒಂದೇ ಮಾತು. ಅವರು ಬಂದು ಹೇಳಿದ್ದು ಶಿಷ್ಯರಿಗೆ ಬರೀ ಹರಟೆಯಂತೆ ಕಂಡಿತು, ನಂಬಲಿಲ್ಲ ಎಂದು ಲೂಕನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ.

ಈ ಘಟನೆಯನ್ನು ಸುವಾರ್ತೆ ಬರೆದವರು ಕಟ್ಟಿರಲಾರರು ಎಂದು ಅನೇಕ ವಿದ್ವಾಂಸರು ಭಾವಿಸಲು ಕಾರಣವಿದೆ. ಹೆಂಗಸರ ಸಾಕ್ಷ್ಯವನ್ನು ಒಪ್ಪಬಾರದು, ಅವರ ಸ್ವಭಾವ ಚಂಚಲ ಎಂದು ಮೊದಲ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಎರಡನೇ ಶತಮಾನದಲ್ಲಿ ಸೆಲ್ಸಸ್ ಎಂಬ ಗ್ರೀಕ್ ಪಂಡಿತ ಕ್ರೈಸ್ತರನ್ನು ಗೇಲಿ ಮಾಡುತ್ತ, ಸತ್ತವನು ಎದ್ದದ್ದನ್ನು ಕಂಡವರು ಯಾರು, ಒಬ್ಬ ಮತಿಗೆಟ್ಟ ಹೆಂಗಸಲ್ಲವೇ ಎಂದು ಕೇಳಿದ್ದ. ಜನರನ್ನು ಒಪ್ಪಿಸಬೇಕೆಂದು ಕಥೆ ಹೆಣೆಯುವವನು ಇಂಥ ಸಾಕ್ಷಿಗಳನ್ನು ತಾನಾಗಿ ಆರಿಸಿಕೊಳ್ಳುವುದಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯದಲ್ಲಿ ಪುನರುತ್ಥಾನದ ಸಾಕ್ಷಿಗಳ ಪಟ್ಟಿಯೊಂದಿದೆ. ಕೇಫನು (ಅಂದರೆ ಪೇತ್ರನು), ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಸಹೋದರರು, ಯಾಕೋಬನು, ಅಪೊಸ್ತಲರೆಲ್ಲರು, ಕೊನೆಗೆ ಪೌಲ. ಹೆಸರು ಹಿಡಿದು ಒಬ್ಬ ಹೆಂಗಸೂ ಇಲ್ಲ. ಆ ಪತ್ರ 50ರ ದಶಕದ್ದು, ಪಟ್ಟಿ ಅದಕ್ಕೂ ಹಿಂದಿನದು. ಅಂದರೆ ಅಧಿಕೃತ ಪಟ್ಟಿಯಿಂದ ಹೆಂಗಸರ ಹೆಸರು ಬಿಟ್ಟುಹೋಗುವುದು ಮೊದಲ ತಲೆಮಾರಿನಲ್ಲೇ ಶುರುವಾಗಿದೆ. ಸುವಾರ್ತೆಗಳಲ್ಲಿ ಉಳಿದದ್ದು ಜನರ ನೆನಪಿನ ಬಲದಿಂದ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ನಮ್ಮ ಪ್ರಸಂಗಪೀಠಗಳಲ್ಲಿ ಪದೇ ಪದೇ ಆಗುವ ತಪ್ಪು ಇದು. "ಯೆಹೂದ್ಯರು ಹೆಂಗಸರನ್ನು ಕಸಕ್ಕಿಂತ ಕಡೆಯಾಗಿ ಕಂಡರು, ಯೇಸು ಬಂದು ಬಿಡಿಸಿದ" ಎನ್ನುವುದು ಚರಿತ್ರೆಯಲ್ಲ. ಗಂಡ ಸತ್ತನೆಂದು ಹೇಳುವ ಹೆಣ್ಣಿನ ಸಾಕ್ಷ್ಯವನ್ನು ಒಪ್ಪಿ ವಿಧವೆಗೆ ಮರುಮದುವೆಗೆ ಅವಕಾಶ ಕೊಟ್ಟವರು ಯೆಹೂದಿ ರಬ್ಬಿಗಳೇ. ಸ್ಮುರ್ನದಲ್ಲಿ ಸಿಕ್ಕ ಒಂದು ಗ್ರೀಕ್ ಶಾಸನದಲ್ಲಿ ರುಫಿನಾ ಎಂಬ ಯೆಹೂದಿ ಹೆಂಗಸಿಗೆ ಸಭಾಮಂದಿರದ ಅಧ್ಯಕ್ಷಳೆಂಬ ಬಿರುದಿದೆ. ಯೇಸುವಿನ ಜೊತೆ ಗಲಿಲಾಯ ಸುತ್ತಿದ ಹೆಂಗಸರೂ ಯೆಹೂದ್ಯರೇ ತಾನೆ? ಮಗ್ದಲದ ಮರಿಯಳು, ಹೆರೋದನ ಮೇಲ್ವಿಚಾರಕ ಕೂಜನ ಹೆಂಡತಿ ಯೋಹಾನಳು, ಸುಸನ್ನಳು, ಇವರು ತಮ್ಮ ಸ್ವಂತ ಹಣದಿಂದ ಆ ತಂಡದ ಖರ್ಚು ನೋಡಿಕೊಂಡರೆಂದು ಲೂಕನ 8ನೇ ಅಧ್ಯಾಯ ಹೇಳುತ್ತದೆ. ಖರ್ಚು ಯಾರು ಕೊಟ್ಟರು ಎಂಬುದು ಮುಂದೆಯೂ ಮುಖ್ಯವಾಗುತ್ತದೆ.

ಈಗ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ. ಇದನ್ನು ಓದುವ ಸಭೆಗಳು ಕಡಿಮೆ, ಪ್ರಸಂಗಕ್ಕೆ ಆರಿಸಿಕೊಳ್ಳುವ ಅಯ್ಯನವರಂತೂ ಇನ್ನೂ ಕಡಿಮೆ. ಬರೀ ಹೆಸರುಗಳ ಸಾಲು. ಪೌಲನು ಸುಮಾರು 57ರಲ್ಲಿ ಕೊರಿಂಥದಿಂದ, ತಾನು ಆವರೆಗೆ ನೋಡದ ರೋಮ್ ನಗರದ ವಿಶ್ವಾಸಿಗಳಿಗೆ ಈ ಪತ್ರ ಬರೆದ. ಕೊನೆಯಲ್ಲಿ ಹತ್ತು ಮಂದಿ ಹೆಂಗಸರನ್ನು ನೆನೆಯುತ್ತಾನೆ. ಎಂಟು ಜನರ ಹೆಸರಿದೆ: ಫೊಯಿಬೆ, ಪ್ರಿಸ್ಕ, ಮರಿಯ, ಯೂನ್ಯ, ತ್ರುಫೈನ, ತ್ರುಫೋಸ, ಪೆರ್ಸೀಸ, ಯೂಲ್ಯ. ಇನ್ನಿಬ್ಬರು ರೂಫನ ತಾಯಿ ಮತ್ತು ನೇರ್ಯನ ತಂಗಿ. ಇವರಲ್ಲಿ ನಾಲ್ವರ ಬಗ್ಗೆ ಕರ್ತನ ಸೇವೆಯಲ್ಲಿ ಅಥವಾ ಸಭೆಗಾಗಿ ಬಹಳ ದುಡಿದವರು ಎನ್ನುತ್ತಾನೆ. ತನ್ನ ಸ್ವಂತ ದುಡಿಮೆಗೂ ಪೌಲನು ಬೇರೆ ಪತ್ರಗಳಲ್ಲಿ ಬಳಸುವುದು ಇದೇ ಮಾತು.

ಪಟ್ಟಿಯ ಮೊದಲ ಹೆಸರು ಫೊಯಿಬೆ. ಅವಳು ಕೆಂಖ್ರೆಯದವಳು, ಅಂದರೆ ಕೊರಿಂಥದ ಪೂರ್ವ ಬಂದರಿನವಳು. ಅವಳನ್ನು ಬರಮಾಡಿಕೊಳ್ಳಿ, ಬೇಕಾದ್ದನ್ನು ಒದಗಿಸಿ ಎಂದು ಪೌಲನು ರೋಮಿನವರಿಗೆ ಶಿಫಾರಸು ಮಾಡುತ್ತಾನೆ. ಆ ಕಾಲದ ರೂಢಿಯಂತೆ ಇಂಥ ಶಿಫಾರಸು ಪತ್ರ ಒಯ್ಯುವವರ ಪರವಾಗಿ ಇರುತ್ತಿತ್ತು. ಆದ್ದರಿಂದ ರೋಮಾಪುರದ ಪತ್ರವನ್ನು ಸಮುದ್ರ ದಾಟಿಸಿ ತಲುಪಿಸಿದವಳು ಫೊಯಿಬೆ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಪತ್ರ ತಂದವರನ್ನೇ ಜನ ಸುತ್ತುವರಿದು, ಇಲ್ಲಿ ಏನು ಹೇಳಿದ್ದಾನೆ, ಅಲ್ಲಿನ ಅರ್ಥವೇನು ಎಂದು ಕೇಳುವುದು ಸಹಜ. ಪೌಲನ ಅತಿ ಕಠಿಣ ಪತ್ರದ ಬಗ್ಗೆ ಮೊದಲ ಪ್ರಶ್ನೆಗಳು ಬಂದದ್ದು ಬಹುಶಃ ಅವಳಿಗೇ.

ಅವಳಿಗೆ ಪೌಲನು ಎರಡು ಬಿರುದು ಕೊಡುತ್ತಾನೆ. ಒಂದು, ಸಭೆಯ "ಡಯಾಕೊನೊಸ್", ಅಂದರೆ ಸೇವಕಿ ಎಂಬುದು. ಫಿಲಿಪ್ಪಿಯ ಸಭಾಸೇವಕರಿಗೆ ಬಳಸಿದ್ದೂ, ಕೊರಿಂಥದ ಪತ್ರದಲ್ಲಿ ತನಗೂ ಅಪೊಲ್ಲೋಸನಿಗೂ ಬಳಸಿಕೊಂಡದ್ದೂ ಇದೇ ಪದ. ಇನ್ನೊಂದು, ತನಗೂ ಅನೇಕರಿಗೂ ಅವಳು ಪೋಷಕಿ ಎಂಬುದು. ರೋಮನ್ ಸಮಾಜದಲ್ಲಿ ಪೋಷಕರೆಂದರೆ ಹಣ, ಮನೆ, ವಶೀಲಿ, ಕೋರ್ಟು ಕಚೇರಿಯಲ್ಲಿ ಬೆಂಬಲ ಎಲ್ಲ ಕೊಡಬಲ್ಲವರು. ಹೆಂಗಸರು ಹಾಗಿರಲು ಸಾಧ್ಯವಿತ್ತೇ ಎಂದು ಕೇಳುವವರಿಗೆ ಕೊರಿಂಥದ ಹತ್ತಿರವೇ ಸಿಕ್ಕ ಒಂದು ಶಾಸನ ಉತ್ತರ ಕೊಡುತ್ತದೆ. ಮೊದಲ ಶತಮಾನದ್ದು. ಯೂನ್ಯ ಥಿಯೊಡೋರ ಎಂಬ ಸಿರಿವಂತೆ ಲುಕ್ಯ ಪ್ರಾಂತ್ಯದ ಜನರಿಗೆ ಆಸರೆಯಾಗಿ, ಅಧಿಕಾರಿಗಳ ಬಳಿ ಅವರ ಪರ ಮಾತಾಡಿದ್ದಕ್ಕೆ ಆ ಊರುಗಳವರು ಕೃತಜ್ಞತೆಯಿಂದ ಬರೆಸಿದ್ದು. ಅವಳು ಕ್ರೈಸ್ತಳೆಂಬುದಕ್ಕೆ ಕುರುಹಿಲ್ಲ, ಆದರೆ ಫೊಯಿಬೆ ಎಂಥ ಸಾಮಾಜಿಕ ಸ್ಥಾನದಲ್ಲಿದ್ದಳೆಂದು ಊಹಿಸಲು ಅವಳು ಸಾಕು.

ಪ್ರಿಸ್ಕಳನ್ನು ನಿಮ್ಮ ಹಿರಿಯರೂ ಬಲ್ಲರು, ಅಪೊಸ್ತಲರ ಕೃತ್ಯಗಳಲ್ಲಿ ಪ್ರಿಸ್ಕಿಲ್ಲ ಎಂದು ಬರುವವಳು. ಗಂಡ ಅಕ್ವಿಲನೊಂದಿಗೆ ಗುಡಾರ ಮಾಡುವ ಕಸುಬು. ರೋಮ್, ಕೊರಿಂಥ, ಎಫೆಸ, ಮತ್ತೆ ರೋಮ್ ಎಂದು ಊರಿಂದೂರಿಗೆ ಹೋದ ದಂಪತಿ, ಹೋದಲ್ಲೆಲ್ಲ ಮನೆಯೇ ಸಭೆ. ಹೊಸ ಒಡಂಬಡಿಕೆ ಇವರನ್ನು ಆರು ಸಲ ಹೆಸರಿಸುತ್ತದೆ. ಅದರಲ್ಲಿ ನಾಲ್ಕು ಸಲ ಹೆಂಡತಿಯ ಹೆಸರು ಮೊದಲು ಬರುತ್ತದೆ. ವಾಕ್ಚತುರನೂ ಶಾಸ್ತ್ರಪಂಡಿತನೂ ಆದ ಅಪೊಲ್ಲೋಸನನ್ನು ಮನೆಗೆ ಕರೆದು ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು ಎನ್ನುವಲ್ಲೂ ಅವಳದೇ ಮೊದಲ ಹೆಸರು. ಐದನೇ ಶತಮಾನದ ಸುಮಾರಿನ ಬೇಜಾ ಹಸ್ತಪ್ರತಿಯಲ್ಲಿ ಆ ವಾಕ್ಯದ ಹೆಸರುಗಳು ಹಿಂದುಮುಂದಾಗಿವೆ, ಅಕ್ವಿಲನು ಮುಂದೆ ಬಂದಿದ್ದಾನೆ. ಯಾರಿಗೋ ಇರಿಸುಮುರಿಸಾಗಿರಬೇಕು.

ಯೂನ್ಯಳಿಗೆ ಆದದ್ದು ಇನ್ನೂ ದೊಡ್ಡದು. ಅಂದ್ರೋನಿಕ, ಯೂನ್ಯ ಇಬ್ಬರೂ ತನಗಿಂತ ಮೊದಲು ಕ್ರಿಸ್ತನಲ್ಲಿದ್ದವರು, ತನ್ನೊಂದಿಗೆ ಸೆರೆಯಲ್ಲಿದ್ದವರು, ಅಪೊಸ್ತಲರಲ್ಲಿ ಹೆಸರಾದವರು ಎನ್ನುತ್ತಾನೆ ಪೌಲ. ಕಾನ್‌ಸ್ಟಾಂಟಿನೋಪಲ್‌ನ ಬಿಷಪನಾಗಿದ್ದ ಜಾನ್ ಕ್ರಿಸೊಸ್ಟಮ್ 407ರಲ್ಲಿ ತೀರಿಕೊಂಡವನು. ಹೆಂಗಸರ ವಿಷಯದಲ್ಲಿ ಉದಾರಿಯೇನಲ್ಲ. ಅವನೇ ಈ ವಾಕ್ಯಕ್ಕೆ ಬಂದಾಗ, ಅಪೊಸ್ತಲಳೆಂದು ಕರೆಸಿಕೊಳ್ಳುವಷ್ಟು ಈ ಹೆಂಗಸಿನ ಜ್ಞಾನ ಎಷ್ಟು ದೊಡ್ಡದಿರಬೇಕು ಎಂದು ಬೆರಗಾಗುತ್ತಾನೆ. ಮಧ್ಯಯುಗದಿಂದ ಕೆಲವು ವ್ಯಾಖ್ಯಾನಕಾರರು, ಆಮೇಲೆ ಭಾಷಾಂತರಕಾರರು ಅವಳನ್ನು ಗಂಡಸು ಮಾಡಿದರು. ಆಧುನಿಕ ಗ್ರೀಕ್ ಹೊಸ ಒಡಂಬಡಿಕೆಯ ಪ್ರಮಾಣ ಮುದ್ರಣಗಳಲ್ಲೂ 20ನೇ ಶತಮಾನದ ಬಹುಪಾಲು ಅವಳು ಗಂಡಸಾಗಿಯೇ ಇದ್ದು, 1998ರಲ್ಲಿ ಮತ್ತೆ ಹೆಣ್ಣಾದಳು. ರೋಮ್ ನಗರದ ಶಾಸನಗಳಲ್ಲಿ ಯೂನ್ಯ ಎಂಬ ಹೆಣ್ಣಿನ ಹೆಸರು 250ಕ್ಕೂ ಹೆಚ್ಚು ಸಲ ಬರುತ್ತದೆ. ಅವರು ಕಲ್ಪಿಸಿದ ಗಂಡು ಹೆಸರು ಎಲ್ಲೂ ಸಿಕ್ಕಿಲ್ಲ. "ಅಪೊಸ್ತಲರಲ್ಲಿ" ಎಂಬುದನ್ನು "ಅಪೊಸ್ತಲರ ದೃಷ್ಟಿಯಲ್ಲಿ" ಎಂದು ಓದಬೇಕೆಂದು ವಾದಿಸುವವರು ಇಂದಿಗೂ ಇದ್ದಾರೆ. ಗ್ರೀಕ್ ಮಾತೃಭಾಷೆಯ ಕ್ರಿಸೊಸ್ಟಮ್‌ಗೆ ಆ ಅನುಮಾನ ಬರಲಿಲ್ಲ ಎಂಬುದಷ್ಟೇ ನನಗೆ ಸಾಕು.

ಉಳಿದವರನ್ನು ಬೇಗ ದಾಟುತ್ತೇನೆ. ಫಿಲಿಪ್ಪಿಯಲ್ಲಿ ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದ ಥುವತೈರದ ಲುದ್ಯಳ ಮನೆ ಸಭೆಯಾಯಿತು. ಅದೇ ಊರಿನ ಯುವೊದ್ಯ, ಸಂತುಕೆ ಇಬ್ಬರ ಜಗಳ ಇಡೀ ಸಭೆಗೆ ಬರೆದ ಪತ್ರದಲ್ಲಿ ಪ್ರಸ್ತಾಪವಾಗುವಷ್ಟು ದೊಡ್ಡದಾಗಿತ್ತು ಎಂದರೆ ಅವರು ಸಾಮಾನ್ಯ ಸದಸ್ಯರಾಗಿರಲಿಲ್ಲ. ಕೊಲೊಸ್ಸೆಯ ಪತ್ರದಲ್ಲಿ ನುಂಫಳ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಇದೆ. ಕೈಸರೈಯದಲ್ಲಿ ಫಿಲಿಪ್ಪನ ನಾಲ್ವರು ಹೆಣ್ಣುಮಕ್ಕಳು ಪ್ರವಾದಿಸುತ್ತಿದ್ದರು.

ಮನೆ ಎಂಬುದು ಇಲ್ಲೆಲ್ಲ ಮತ್ತೆ ಮತ್ತೆ ಬರುತ್ತಿದೆ, ಗಮನಿಸಿದಿರಾ? ಸುಮಾರು ಎರಡು ಶತಮಾನಗಳ ಕಾಲ ಕ್ರೈಸ್ತರಿಗೆ ಚರ್ಚ್ ಕಟ್ಟಡ ಎಂಬುದೇ ಇರಲಿಲ್ಲವೆನ್ನಬಹುದು. ಮನೆಯ ನಡುಮನೆಯಲ್ಲೋ ಅಂಗಡಿಯ ಹಿಂಬದಿಯಲ್ಲೋ ಸೇರುತ್ತಿದ್ದರು. ಗ್ರೀಕ್-ರೋಮನ್ ಜಗತ್ತಿನಲ್ಲಿ ಮಾರುಕಟ್ಟೆ, ನ್ಯಾಯಸಭೆ ಗಂಡಸರದು; ಮನೆಯೊಳಗಿನ ಆಡಳಿತ, ಆಳುಕಾಳು, ಉಗ್ರಾಣ, ಅತಿಥಿ ಸತ್ಕಾರ ಮನೆಯೊಡತಿಯದು. ನಮ್ಮ ಹಳೆಯ ಕೂಡುಕುಟುಂಬಗಳಲ್ಲಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹಿರಿಯಜ್ಜಿಯ ಮಾತು ಹೇಗೆ ನಡೆಯುತ್ತಿತ್ತೋ ಹಾಗೆ. ರೊಟ್ಟಿ ಮುರಿಯುವುದು ಊಟದ ಮೇಜಿನ ಮೇಲೆ, ಮೇಜು ಅವಳದು. ಅಲ್ಲಿ ಅವಳು ಮಾತಾಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸೆಲ್ಸಸ್‌ನ ಇನ್ನೊಂದು ದೂರು ಇದೇ: ಕ್ರೈಸ್ತರ ಧರ್ಮ ಹಬ್ಬುವುದು ಮನೆಗಳ ಒಳಗೆ, ಉಣ್ಣೆ ನೇಯುವವರು, ಚಮ್ಮಾರರು, ಅಗಸರು, ಹೆಂಗಸರು, ಮಕ್ಕಳ ನಡುವೆ. ಬೈಗುಳದಲ್ಲಿ ಅವನು ಒಳ್ಳೆಯ ಮಾಹಿತಿ ಕೊಟ್ಟಿದ್ದಾನೆ.

2005ರಲ್ಲಿ ಇಸ್ರೇಲಿನ ಮೆಗಿದ್ದೋ ಜೈಲಿನ ಆವರಣದಲ್ಲಿ ಅಗೆಯುವಾಗ ಕ್ರೈಸ್ತರ ಪ್ರಾರ್ಥನಾ ಕೊಠಡಿಯ ಮೊಸಾಯಿಕ್ ನೆಲ ಸಿಕ್ಕಿತು. ಕ್ರಿ.ಶ. 230ರ ಆಸುಪಾಸಿನದು ಎಂದು ಅಗೆದವರ ಅಂದಾಜು. ನೆಲದ ಮೇಲೆ ಗ್ರೀಕ್ ಬರಹಗಳಿವೆ. ಅಕೆಪ್ತೂಸ್ ಎಂಬ ದೇವಪ್ರಿಯೆ ದೇವರಾದ ಯೇಸು ಕ್ರಿಸ್ತನಿಗೆ ಸ್ಮಾರಕವಾಗಿ ಮೇಜನ್ನು ಅರ್ಪಿಸಿದಳು ಎಂದು ಒಂದು. ಪ್ರಿಮಿಲ್ಲಾ, ಕಿರಿಯಾಕಾ, ಡೊರೊಥಿಯಾ, ಕ್ರೆಸ್ಟೆ ಎಂಬ ನಾಲ್ವರು ಹೆಂಗಸರನ್ನು ನೆನೆಯಿರಿ ಎಂದು ಇನ್ನೊಂದು.

ಸಭೆಯ ಹೊರಗಿನವರ ಕಣ್ಣಿಗೆ ಯಾರು ಮುಂದಾಳುಗಳಾಗಿ ಕಂಡರು? ಸುಮಾರು 112ರಲ್ಲಿ ಕಪ್ಪು ಸಮುದ್ರದ ದಕ್ಷಿಣ ತೀರದ ಬಿಥೂನ್ಯದ ರೋಮನ್ ಅಧಿಪತಿ ಪ್ಲಿನಿ, ಚಕ್ರವರ್ತಿ ಟ್ರೇಜನ್‌ಗೆ ಪತ್ರ ಬರೆದ. ಈ ಕ್ರೈಸ್ತರೆಂಬವರನ್ನು ಏನು ಮಾಡಬೇಕು? ಸತ್ಯ ತಿಳಿಯಲು ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಗುರಿಪಡಿಸಿದೆ, ಅವರನ್ನು ಸಭಾಸೇವಕಿಯರು ಎನ್ನುತ್ತಾರೆ, ಅತಿರೇಕದ ಮೂಢನಂಬಿಕೆ ಬಿಟ್ಟು ಬೇರೇನೂ ಸಿಗಲಿಲ್ಲ. ಅವರ ಬಗ್ಗೆ ಇಷ್ಟೇ ಅವನ ವರದಿ. ಆ ಇಬ್ಬರ ಹೆಸರೂ ಅವನು ಬರೆದಿಲ್ಲ. ಆದರೆ ಸಭೆಯ ಒಳಗಿನ ಸಂಗತಿ ಗೊತ್ತಿರುವುದು ಇವರಿಗೆ ಎಂದು ಅಧಿಕಾರಿಗೆ ಅನಿಸಿತ್ತು, ಮತ್ತು ದಾಸಿಯರೂ ಆ ಹುದ್ದೆಯಲ್ಲಿ ಇರಬಹುದಿತ್ತು.

ಸಾಕ್ಷಿ ಎಂಬ ಗ್ರೀಕ್ ಪದಕ್ಕೆ ಪ್ರಾಣ ಕೊಡುವುದು ಎಂಬ ಅರ್ಥ ಬಂದದ್ದೂ ಈ ಕಾಲದಲ್ಲೇ. 177ರಲ್ಲಿ ಗಾಲ್ ದೇಶದ ಲಿಯೋನ್‌ನಲ್ಲಿ ಬ್ಲಾಂಡಿನಾ ಎಂಬ ದಾಸಿಯನ್ನು ಕಂಬಕ್ಕೆ ಕಟ್ಟಿ ಮೃಗಗಳ ಮುಂದೆ ನಿಲ್ಲಿಸಿದಾಗ, ಜೊತೆಯವರಿಗೆ ಅವಳಲ್ಲಿ ಶಿಲುಬೆಗೇರಿದ ಕ್ರಿಸ್ತನೇ ಕಂಡನೆಂದು ಆ ಸಭೆಯವರು ಬರೆದಿಟ್ಟರು. 203ರ ಮಾರ್ಚ್ 7ರಂದು ಉತ್ತರ ಆಫ್ರಿಕಾದ ಕಾರ್ತೇಜ್‌ನಲ್ಲಿ ಸತ್ತ ಪರ್ಪೆಟುವಾ ಮಾತ್ರ ಸ್ವತಃ ಬರೆದಳು. ಸುಮಾರು 22 ವರ್ಷ, ಒಳ್ಳೆಯ ಮನೆತನ, ಮೊಲೆಯುಣ್ಣುವ ಗಂಡುಕೂಸು. ಸೆರೆಮನೆಯ ಕತ್ತಲು, ಸೆಕೆ, ಕೂಸಿಗೆ ಹಾಲಿಲ್ಲದ ಸಂಕಟ, ಹಣ್ಣುಗೂದಲಿನ ತಂದೆ ಬಂದು ಕೈ ಮುತ್ತಿಟ್ಟು "ಮಗಳೇ" ಎನ್ನುವುದನ್ನು ಬಿಟ್ಟು "ಒಡತಿ" ಎಂದು ಕರೆದು ಅಂಗಲಾಚಿದ್ದು, ಎಲ್ಲವೂ ಅವಳ ದಿನಚರಿಯಲ್ಲಿದೆ. ಪ್ರಾಚೀನ ಕಾಲದ ಹೆಣ್ಣೊಬ್ಬಳ ಸ್ವಂತ ಬರಹ ಉಳಿದು ಬಂದದ್ದೇ ಅಪರೂಪ. ಅವಳ ಜೊತೆ ಇದ್ದ ಫೆಲಿಸಿಟಾಸ್ ಎಂಬ ದಾಸಿ ಎಂಟು ತಿಂಗಳ ಬಸುರಿ. ಸೆರೆಯಲ್ಲೇ ಹೆತ್ತಳು.

ನಿಮ್ಮ ಪ್ರಶ್ನೆಗೆ ಬೇಕಾದದ್ದು ಆ ಬರಹದ ಇನ್ನೊಂದು ಭಾಗ. ಸೆರೆಯಲ್ಲಿದ್ದ ಸತುರಸ್ ಎಂಬವನು ಒಂದು ದರ್ಶನ ಕಂಡ. ಸ್ವರ್ಗದ ಬಾಗಿಲ ಹೊರಗೆ ಬಿಷಪ್ ಒಪ್ಟಾಟಸ್ ಮತ್ತು ಅಸ್ಪಾಸಿಯಸ್ ಎಂಬ ಹಿರಿಯ, ಒಬ್ಬರಿಗೊಬ್ಬರು ಮುಖ ಕೊಡದೆ ನಿಂತಿದ್ದಾರೆ. ಸತುರಸ್, ಪರ್ಪೆಟುವಾ ಇಬ್ಬರೂ ಅಲ್ಲಿಗೆ ಬಂದದ್ದನ್ನು ಕಂಡದ್ದೇ ಅವರ ಕಾಲಿಗೆ ಬಿದ್ದು, ನಮ್ಮ ನಡುವೆ ರಾಜಿ ಮಾಡಿಸಿ ಎನ್ನುತ್ತಾರೆ. ನೀವು ನಮ್ಮ ಬಿಷಪ್, ನೀವು ಹಿರಿಯರು, ನಮ್ಮ ಕಾಲಿಗೆ ಬೀಳುವುದೇ ಎಂದು ಇವರಿಗೆ ಸಂಕೋಚ. ಆಮೇಲೆ ಪರ್ಪೆಟುವಾ ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಗ್ರೀಕ್ ಭಾಷೆಯಲ್ಲಿ ಮಾತಾಡಿಸುತ್ತಾಳೆ. ಹುದ್ದೆಯಿಂದ ಬರುವ ಅಧಿಕಾರ ಒಂದು, ನರಳಿದ್ದರಿಂದ ಬರುವ ಅಧಿಕಾರ ಇನ್ನೊಂದು. ಮೂರನೇ ಶತಮಾನದ ಆರಂಭದಲ್ಲಿ ಎರಡನೆಯದು ಮೊದಲನೆಯದನ್ನು ಕಾಲಿಗೆ ಬೀಳಿಸಬಲ್ಲದಾಗಿತ್ತು, ಅದು ಹೆಂಗಸರಿಗೂ ಸಿಗುತ್ತಿತ್ತು. ಹಿಂಸೆ ನಿಂತು ಧರ್ಮಕ್ಕೆ ರಾಜಮನ್ನಣೆ ಬಂದಾಗ ಈ ದಾರಿ ಮುಚ್ಚಿತು.

ಈಗ ಮೌನದ ವಾಕ್ಯಗಳಿಗೆ ಬರುತ್ತೇನೆ. ತಪ್ಪಿಸಿಕೊಳ್ಳುವ ಹಾಗಿಲ್ಲ, ಬೈಬಲ್‌ನಲ್ಲಿ ಇವೆ.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14ನೇ ಅಧ್ಯಾಯ, 34 ಮತ್ತು 35ನೇ ವಚನಗಳು. ಅದೇ ಪತ್ರದ 11ನೇ ಅಧ್ಯಾಯದಲ್ಲಿ ಹೆಂಗಸರು ಸಭೆಯಲ್ಲಿ ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆಗೆ ಮುಸುಕು ಹಾಕಿಕೊಳ್ಳಬೇಕು ಎಂದಿದ್ದಾನೆ ಪೌಲ. ಬಾಯಿ ತೆರೆಯಲೇಬಾರದು ಎಂದಿದ್ದರೆ ಮುಸುಕಿನ ಚರ್ಚೆ ಯಾಕೆ? ಇನ್ನು 14ನೇ ಅಧ್ಯಾಯದಲ್ಲಿ ಸುಮ್ಮನಿರಿ ಎಂದು ಹೇಳಿಸಿಕೊಂಡವರು ಮೂರು ಗುಂಪಿನವರು. ಅರ್ಥ ಹೇಳುವವರಿಲ್ಲದಾಗ ಅನ್ಯಭಾಷೆಯಾಡುವವರು, ಇನ್ನೊಬ್ಬರಿಗೆ ಪ್ರಕಟಣೆಯಾದಾಗ ಮಾತಾಡುತ್ತಿರುವ ಪ್ರವಾದಿ, ಮೂರನೆಯವರು ಹೆಂಗಸರು. ಮೂರಕ್ಕೂ ಗ್ರೀಕ್‌ನಲ್ಲಿ ಒಂದೇ ಕ್ರಿಯಾಪದ. ಮೊದಲೆರಡನ್ನು ಗದ್ದಲದ ಆ ಹೊತ್ತಿನ ಶಿಸ್ತು ಎಂದು ಓದಿ, ಮೂರನೆಯದನ್ನು ಮಾತ್ರ ಶಾಶ್ವತ ಕಾನೂನು ಎಂದು ಓದುವುದು ನ್ಯಾಯವೇ ಎಂದು ನಿಮ್ಮ ಹಿರಿಯರನ್ನು ಕೇಳಬಹುದು. ಕೆಲವು ಹಸ್ತಪ್ರತಿಗಳಲ್ಲಿ ಈ ಎರಡು ವಚನಗಳು 40ನೇ ವಚನದ ನಂತರ ಬರುತ್ತವೆ. ಹೀಗೆ ಜಾಗ ಬದಲಿಸುವುದರಿಂದ ಇದು ಅಂಚಿನಲ್ಲಿ ಬರೆದ ಟಿಪ್ಪಣಿ ಆಮೇಲೆ ಒಳಸೇರಿದ್ದು ಎಂದು ಕೆಲವು ವಿದ್ವಾಂಸರ ವಾದ. ಉಳಿದವರು ಒಪ್ಪುವುದಿಲ್ಲ. ನಾನು ಆ ವಾದದ ಮೇಲೆ ಭಾರ ಹಾಕುವುದಿಲ್ಲ, 11ನೇ ಅಧ್ಯಾಯವೇ ಸಾಕು.

ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 2ನೇ ಅಧ್ಯಾಯ ಇದಕ್ಕಿಂತ ಗಟ್ಟಿ. ಹೆಂಗಸು ಉಪದೇಶ ಮಾಡುವುದಕ್ಕೂ ಪುರುಷನ ಮೇಲೆ ಅಧಿಕಾರ ನಡೆಸುವುದಕ್ಕೂ ಅಪ್ಪಣೆಯಿಲ್ಲ ಎನ್ನುತ್ತದೆ. ಇದನ್ನು ಪೌಲನ ನಂತರ, ಮೊದಲ ಶತಮಾನದ ಕೊನೆಯ ಹೊತ್ತಿಗೆ ಅವನ ಹೆಸರಿನಲ್ಲಿ ಶಿಷ್ಯರು ಬರೆದದ್ದು ಎಂಬುದು ಬಹುಪಾಲು ವಿಶ್ವವಿದ್ಯಾಲಯದ ವಿದ್ವಾಂಸರ ಅಭಿಪ್ರಾಯ. ಪೌಲನೇ ಬರೆದ ಎಂಬುದು ಹೆಚ್ಚಿನ ಸಭೆಗಳ ನಂಬಿಕೆ. ಯಾರೇ ಬರೆದಿರಲಿ, ಆ ಪತ್ರದ ಆತಂಕ ಬಚ್ಚಿಟ್ಟದ್ದಲ್ಲ. ವಿರೋಧಿಯ ನಿಂದೆಗೆ ಆಸ್ಪದ ಕೊಡಬೇಡಿ ಎಂದು 5ನೇ ಅಧ್ಯಾಯ ಹೇಳುತ್ತದೆ. ಮನೆಯಿಂದ ಮನೆಗೆ ಹೋಗಿ ಆಡಬಾರದ್ದನ್ನು ಆಡುವ ಎಳೆಯ ವಿಧವೆಯರ ಬಗ್ಗೆ ಕಿರಿಕಿರಿಯೂ ಅಲ್ಲಿದೆ, 60 ದಾಟಿದ ವಿಧವೆಯರನ್ನು ಮಾತ್ರ ಪಟ್ಟಿಗೆ ಸೇರಿಸಿ ಎಂಬ ನಿಯಮವೂ ಇದೆ. ಸುತ್ತಲಿನ ರೋಮನ್ ಸಮಾಜ ಈ ಹೊಸ ಪಂಥವನ್ನು ಮನೆಮುರುಕರೆಂದು ನೋಡುತ್ತಿತ್ತು. ಮರ್ಯಾದಸ್ಥರೆನಿಸಿಕೊಳ್ಳಲು ಸಭೆ ತೆತ್ತ ಬೆಲೆಯ ದೊಡ್ಡ ಪಾಲು ಹೆಂಗಸರದು ಎಂಬುದು ನನ್ನ ಓದು.

ನಿಷೇಧ ಬಂದ ತಕ್ಷಣ ಕೆಲಸ ನಿಲ್ಲಲಿಲ್ಲ. 200ರ ಸುಮಾರಿಗೆ ಕಾರ್ತೇಜ್‌ನ ಕ್ರೈಸ್ತ ಲೇಖಕ ಟೆರ್ಟುಲಿಯನ್ ಸಿಡಿಮಿಡಿಗೊಂಡು ಬರೆಯುತ್ತಾನೆ: ಪೌಲನ ಶಿಷ್ಯೆ ಥೆಕ್ಲಾಳ ಕಥೆಯನ್ನು ಹಿಡಿದುಕೊಂಡು ಹೆಂಗಸರು ತಮಗೂ ಬೋಧಿಸುವ, ದೀಕ್ಷಾಸ್ನಾನ ಕೊಡುವ ಹಕ್ಕಿದೆ ಎನ್ನುತ್ತಿದ್ದಾರೆ, ಆ ಕಥೆ ಕಟ್ಟಿದವನು ಏಷ್ಯಾ ಪ್ರಾಂತ್ಯದ ಒಬ್ಬ ಹಿರಿಯ, ಸಿಕ್ಕಿಬಿದ್ದು ಹುದ್ದೆ ಕಳೆದುಕೊಂಡ. ಕಥೆ ಕಟ್ಟುಕಥೆಯೇ ಇರಬಹುದು, ಆದರೆ ಅದನ್ನು ತೋರಿಸಿ ದೀಕ್ಷಾಸ್ನಾನ ಕೊಡುತ್ತೇವೆ ಎಂದ ಹೆಂಗಸರು ಕಥೆಯಲ್ಲ. ಥೆಕ್ಲಾಳ ಹೆಸರಿನ ಕ್ಷೇತ್ರ ಇಂದಿನ ಟರ್ಕಿಯ ಸಿಲಿಫ್ಕೆ ಬಳಿ ಇತ್ತು. 384ರಲ್ಲಿ ಅಲ್ಲಿಗೆ ಹೋದ ಎಜೇರಿಯಾ ಎಂಬ ಯಾತ್ರಿಕಳು, ಅಲ್ಲಿನ ಮಠಗಳನ್ನು ನೋಡಿಕೊಳ್ಳುತ್ತಿದ್ದ ಮಾರ್ತಾನಾ ಎಂಬ ಸಭಾಸೇವಕಿಯನ್ನು ಕಂಡು ಹಿಗ್ಗಿದ್ದನ್ನು ಬರೆದಿದ್ದಾಳೆ. ಹಿಂದೆ ಯೆರೂಸಲೇಮಿನಲ್ಲಿ ಪರಿಚಯವಾಗಿದ್ದವಳಂತೆ.

ಈ ಸಭಾಸೇವಕಿಯರ ವರ್ಗ ಪೂರ್ವದ ಸಭೆಗಳಲ್ಲಿ ನೂರಾರು ವರ್ಷ ಬಾಳಿತು. ಮೂರನೇ ಶತಮಾನದ ಸಿರಿಯಾದ ಒಂದು ಕೈಪಿಡಿ ಇವರ ಅಗತ್ಯವನ್ನು ಬಿಡಿಸಿ ಹೇಳುತ್ತದೆ. ಆಗ ದೀಕ್ಷಾಸ್ನಾನ ಬಹುತೇಕ ವಯಸ್ಕರಿಗೆ, ಅದೂ ಬಟ್ಟೆ ಕಳಚಿ, ಮೈಗೆಲ್ಲ ಎಣ್ಣೆ ಹಚ್ಚಿ. ಹೆಂಗಸರಿಗೆ ಎಣ್ಣೆ ಹಚ್ಚಲು ಹೆಂಗಸರೇ ಬೇಕು. ಅನ್ಯಧರ್ಮದ ಮನೆಗಳಲ್ಲಿ ಕಾಯಿಲೆ ಬಿದ್ದ ವಿಶ್ವಾಸಿನಿಯನ್ನು ನೋಡಲು ಗಂಡಸನ್ನು ಕಳಿಸಿದರೆ ಊರು ಮಾತಾಡುತ್ತದೆ. ಸುಮಾರು 380ರ ಇನ್ನೊಂದು ಸಂಗ್ರಹದಲ್ಲಿ ಬಿಷಪ್ ಸಭಾಸೇವಕಿಯ ತಲೆಯ ಮೇಲೆ ಕೈಯಿಟ್ಟು ಹೇಳಬೇಕಾದ ಪ್ರಾರ್ಥನೆಯೇ ಇದೆ, ಮಿರ್ಯಾಮ, ದೆಬೋರ, ಅನ್ನ, ಹುಲ್ದರನ್ನು ಆತ್ಮದಿಂದ ತುಂಬಿದ ದೇವರೇ ಎಂದು. 451ರ ಖಲ್ಕೆದೋನ್ ಮಹಾಸಭೆ 40 ವರ್ಷಕ್ಕೆ ಮೊದಲು ಈ ಅಭಿಷೇಕ ಬೇಡ ಎಂದಿತು. 535ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಕಾನ್‌ಸ್ಟಾಂಟಿನೋಪಲ್‌ನ ಮಹಾ ದೇವಾಲಯ ಹೇಜಿಯಾ ಸೋಫಿಯಾದ ಸಿಬ್ಬಂದಿಗೆ ಮಿತಿ ಹಾಕುತ್ತ 60 ಗುರುಗಳು, 100 ಸಭಾಸೇವಕರು, 40 ಸಭಾಸೇವಕಿಯರು ಎಂದು ಆಜ್ಞೆ ಹೊರಡಿಸಿದ. ಸಂಬಳದ ಪಟ್ಟಿ ಸುಳ್ಳು ಹೇಳುವುದಿಲ್ಲ. ಯೆರೂಸಲೇಮಿನ ಎಣ್ಣೆಮರದ ಗುಡ್ಡದಲ್ಲಿ 1903ರಲ್ಲಿ ಸಿಕ್ಕ ಸಮಾಧಿಯ ಕಲ್ಲಿನ ಮೇಲೆ ಸೋಫಿಯಾ ಎಂಬ ಸಭಾಸೇವಕಿಯನ್ನು "ಎರಡನೆಯ ಫೊಯಿಬೆ" ಎಂದು ಬರೆದಿದ್ದಾರೆ. ರೋಮಾಪುರದ ಪತ್ರದ ಆ ಎರಡು ವಚನಗಳನ್ನು ಮರೆಯದವರು ಆಗ ಇದ್ದರು.

ಹೆಂಗಸರು ಹಿರಿಯರೂ ಬಿಷಪ್ಪರೂ ಆಗಿದ್ದರೇ? ಇಲ್ಲಿ ನಾನು ಕೈ ಬಿಗಿ ಹಿಡಿಯುತ್ತೇನೆ. ಹನ್ನೆರಡು ಮಂದಿ ಶಿಷ್ಯರೂ ಗಂಡಸರು. ಮುಖ್ಯವಾಹಿನಿಯ ಸಭೆಗಳಲ್ಲಿ ಹಿರಿಯಳೆಂಬ ಬಿರುದಿನ ಹೆಂಗಸರ ಶಾಸನಗಳು ಬೆರಳೆಣಿಕೆಯಷ್ಟು, ಅವುಗಳ ಅರ್ಥದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ನಾಲ್ಕನೇ ಶತಮಾನದಲ್ಲಿ ಲವೊದಿಕೀಯದಲ್ಲಿ ಸೇರಿದವರು ಸಭೆಗಳಲ್ಲಿ ಹಿರಿಯಳೆಂಬವರನ್ನು ನೇಮಿಸಬಾರದು ಎಂದರು. 494ರಲ್ಲಿ ಪೋಪ್ ಗೆಲಾಸಿಯಸ್ ದಕ್ಷಿಣ ಇಟಲಿಯ ಬಿಷಪ್ಪರಿಗೆ, ಹೆಂಗಸರು ಬಲಿಪೀಠದಲ್ಲಿ ಸೇವೆ ಮಾಡುತ್ತಿರುವುದು ಕೇಳಿ ಬೇಸರವಾಯಿತು ಎಂದು ಬರೆದ. ಯಾರೂ ಮಾಡದ್ದನ್ನು ಹೀಗೆ ಪತ್ರ ಬರೆದು ತಡೆಯುವುದಿಲ್ಲ. ಆದರೆ ಎಷ್ಟು ಊರುಗಳಲ್ಲಿ, ಎಷ್ಟು ಕಾಲ ಎಂದು ಇದರಿಂದ ಹೇಳಲು ಬರುವುದಿಲ್ಲ. "ಮೊದಲು ಸಮಾನತೆಯ ಸುವರ್ಣಯುಗವಿತ್ತು, ಪುರೋಹಿತರು ಕಸಿದುಕೊಂಡರು" ಎಂದು ಬರೆಯುವವರೂ ತಮಗೆ ಬೇಕಾದ್ದನ್ನಷ್ಟೇ ಹೆಕ್ಕುತ್ತಾರೆ.

ಹೆಂಗಸರ ಈ ಸೇವೆ ನಿಂತದ್ದು ಒಂದೇ ದಿನದಲ್ಲಲ್ಲ. ನಾಲ್ಕನೇ ಶತಮಾನದಲ್ಲಿ ಆರಾಧನೆ ಮನೆಯಿಂದ ದೊಡ್ಡ ಸಾರ್ವಜನಿಕ ಸಭಾಂಗಣಗಳಿಗೆ ಬಂತು. ರೋಮನ್ ಸಾರ್ವಜನಿಕ ಜಾಗದ ಕಟ್ಟುಪಾಡು ಗಂಡಸರದು, ಅದೂ ಜೊತೆಗೇ ಒಳಬಂತು. ಬಿಷಪ್ ಹುದ್ದೆಗೆ ಸರ್ಕಾರಿ ಮರ್ಯಾದೆ, ಆಸ್ತಿ, ನ್ಯಾಯ ತೀರಿಸುವ ಅಧಿಕಾರ ಬಂದವು. ಮನೆ ಕೊಟ್ಟು, ಖರ್ಚು ಕೊಟ್ಟು ಸಭೆ ಸಾಕಿದ ಪೋಷಕಿಯ ಜಾಗದಲ್ಲಿ ಚಕ್ರವರ್ತಿಯೇ ಪೋಷಕನಾದ. ಎಳೆಗೂಸುಗಳಿಗೆ ದೀಕ್ಷಾಸ್ನಾನ ಕೊಡುವುದು ರೂಢಿಯಾದ ಮೇಲೆ ಸಭಾಸೇವಕಿಯ ಮುಖ್ಯ ಕೆಲಸವೇ ಹೋಯಿತು. ಪಶ್ಚಿಮದಲ್ಲಿ 441ರ ಆರೆಂಜ್ ಸಭೆ ಇನ್ನು ಮುಂದೆ ಸಭಾಸೇವಕಿಯರನ್ನು ನೇಮಿಸಬಾರದು ಎಂದಿತು, 533ರಲ್ಲಿ ಓರ್ಲಿಯಾನ್ಸ್ ಸಭೆ ಹೆಣ್ಣಿನ ದುರ್ಬಲತೆಯನ್ನು ಕಾರಣ ಕೊಟ್ಟಿತು. ಪೂರ್ವದಲ್ಲಿ 12ನೇ ಶತಮಾನದ ಕಾನೂನು ಪಂಡಿತ ಬಾಲ್ಸಮೊನ್ ಹೇಳುವ ಕಾರಣ ನಮ್ಮ ನಾಡಿನ ಹೆಂಗಸರಿಗೆ ವಿವರಿಸಬೇಕಿಲ್ಲ: ತಿಂಗಳ ಮುಟ್ಟಿನ ಮೈಲಿಗೆ ಅವರನ್ನು ಬಲಿಪೀಠದಿಂದ ದೂರ ಮಾಡಿತು.

ಇಷ್ಟರಿಂದ ಇಂದು ನಿಮ್ಮ ಸಭೆ ಏನು ಮಾಡಬೇಕು ಎಂಬ ತೀರ್ಪು ಚರಿತ್ರೆಯಿಂದ ಬರುವುದಿಲ್ಲ, ಅದು ಸಭೆಗಳು ತೀರ್ಮಾನಿಸಬೇಕಾದ್ದು. ತೀರ್ಮಾನಗಳೂ ಬೇರೆ ಬೇರೆ ಆಗಿವೆ. ಗುರುದೀಕ್ಷೆ ಹೆಂಗಸರಿಗೆ ಕೊಡುವ ಅಧಿಕಾರ ಸಭೆಗೆ ಇಲ್ಲ ಎಂದು ಪೋಪ್ ಎರಡನೇ ಜಾನ್ ಪಾಲ್ 1994ರಲ್ಲಿ ಹೇಳಿದರು. ಕರ್ನಾಟಕದ ಮೂರು ಧರ್ಮಪ್ರಾಂತ್ಯಗಳೂ ಸೇರಿರುವ ದಕ್ಷಿಣ ಭಾರತ ಸಭೆ ಹೆಂಗಸರಿಗೆ ಗುರುದೀಕ್ಷೆ ಕೊಡುತ್ತದೆ, 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಅದರ ಮೊದಲ ಮಹಿಳಾ ಬಿಷಪ್ ಆದರು. 2024ರಲ್ಲಿ ಅಲೆಕ್ಸಾಂಡ್ರಿಯದ ಆರ್ಥಡಾಕ್ಸ್ ಸಭೆ ಜಿಂಬಾಬ್ವೆಯಲ್ಲಿ ಒಬ್ಬ ಸಭಾಸೇವಕಿಗೆ ಅಭಿಷೇಕ ಮಾಡಿತು. "ಹೆಂಗಸರು ಎಂದೂ ಮಾಡಿರಲಿಲ್ಲ" ಎಂಬ ಕಾರಣವನ್ನು ಮಾತ್ರ ನಿಮ್ಮ ಹಿರಿಯರು ಕೈಬಿಡಬೇಕಾಗುತ್ತದೆ. ಬೇರೆ ಕಾರಣಗಳಿದ್ದರೆ ಅವನ್ನು ಹೇಳಲಿ.

ಇನ್ನು ಮಗ್ದಲದ ಮರಿಯಳು. ವೇಶ್ಯೆ ಎಂದು ಬೈಬಲ್‌ನಲ್ಲಿ ಎಲ್ಲೂ ಇಲ್ಲ. ಏಳು ದೆವ್ವಗಳು ಅವಳನ್ನು ಬಿಟ್ಟುಹೋಗಿದ್ದವು ಎಂದು ಲೂಕನ 8ನೇ ಅಧ್ಯಾಯದಲ್ಲಿದೆ, ಅಷ್ಟೇ. ಅದರ ಹಿಂದಿನ 7ನೇ ಅಧ್ಯಾಯದಲ್ಲಿ ಹೆಸರಿಲ್ಲದ ಪಾಪಿ ಹೆಂಗಸೊಬ್ಬಳು ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೊಳೆದು ತೈಲ ಹಚ್ಚುತ್ತಾಳೆ. ಯೋಹಾನನ 12ನೇ ಅಧ್ಯಾಯದಲ್ಲಿ ತೈಲ ಹಚ್ಚುವವಳು ಬೇಥಾನ್ಯದ ಮರಿಯಳು, ಲಾಜರನ ಅಕ್ಕತಂಗಿಯರಲ್ಲಿ ಒಬ್ಬಳು. 591ರಲ್ಲಿ ಪೋಪ್ ಗ್ರೆಗೊರಿ ರೋಮ್‌ನಲ್ಲಿ ಮಾಡಿದ ಪ್ರಸಂಗವೊಂದರಲ್ಲಿ ಈ ಮೂವರನ್ನೂ ಒಬ್ಬಳೇ ಎಂದು ಸೇರಿಸಿದ, ಏಳು ದೆವ್ವಗಳೆಂದರೆ ಎಲ್ಲ ದುರ್ಗುಣಗಳು ಎಂದ. ಪಶ್ಚಿಮದ ಚಿತ್ರಕಲೆ, ಪ್ರಸಂಗ, ಆಮೇಲೆ ಸಿನಿಮಾ ಎಲ್ಲವೂ ಆ ಮಾತನ್ನೇ ಹಿಡಿದವು. ಪೂರ್ವದ ಸಭೆಗಳು ಈ ಮೂವರನ್ನು ಎಂದೂ ಬೆರೆಸಲಿಲ್ಲ. ಕಥೊಲಿಕ ಸಭೆ 1969ರ ಪಂಚಾಂಗ ಪರಿಷ್ಕರಣೆಯಲ್ಲಿ ಮಗ್ದಲದ ಮರಿಯಳನ್ನು ಉಳಿದಿಬ್ಬರಿಂದ ಬೇರ್ಪಡಿಸಿತು, 2016ರಲ್ಲಿ ಜುಲೈ 22ರ ಅವಳ ಸ್ಮರಣೆಯನ್ನು ಅಪೊಸ್ತಲರ ಹಬ್ಬಗಳ ದರ್ಜೆಗೇ ಏರಿಸಿತು.